ಎಡಗಡೆಯಿಂದ ಬಾರದ ಮಾತು

ಕಾಕಾ,

ನಮ್ಮ ನಾಟಕ ತರಗತಿಯ ಹನ್ನೊಂದು ಮಂದಿಯಲ್ಲಿ ಮೂವರನ್ನು ನಿನ್ನೆ ಮನೆಗೆ ಕಳಿಸಿದರು. ಆ ಪಟ್ಟಿಯಲ್ಲಿ ನಾನಿದ್ದೆನೋ ಇಲ್ಲವೋ ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ನಿನ್ನ ಹತ್ತಿರ ಒಂದು ತಪ್ಪು ಒಪ್ಪಿಕೊಳ್ಳಬೇಕು. ನೀನು ಎದುರಿಗಿದ್ದಾಗ ಬಾಯಿ ಬರಲಿಲ್ಲ. ಈಗ ನೀನಿಲ್ಲ, ಮಾಸ್ಕೋದಲ್ಲಿ ಕೂತು ಧೈರ್ಯ ಮಾಡುತ್ತಿದ್ದೇನೆ. ಪುಕ್ಕಲಿ ಅನ್ನು, ಅನ್ನಿಸಿಕೊಳ್ಳುತ್ತೇನೆ.

ಹುಮನಾಬಾದಿನ ಬ್ಯಾಳಿ ಮಿಲ್ಲಿನ ಹಿಂದಿನ ಗೋದಾಮು ನೆನಪಾಗುತ್ತದೆ. ಹಗಲೆಲ್ಲ ತೊಗರಿ ಸುರಿದು, ಮೈಮೇಲಿನ ಹೊಟ್ಟೂ ಜಾಡಿಸದೆ ನೀನು ನೇರ ತಾಲೀಮಿಗೆ ಬರುತ್ತಿದ್ದೆ. ನಟರೆಂದರೆ ಯಾರು? ನಿರ್ಣಾದ ಟ್ರ್ಯಾಕ್ಟರ್ ಡ್ರೈವರ್, ಕೊಡಂಬಲದ ಇಬ್ಬರು ಕೂಲಿಯವರು, ನಾನು. ಮಾತು ಬಾಯಿಪಾಠ ಮಾಡಲು ಯಾರಿಗೂ ಪುರಸತ್ತಿಲ್ಲ. ಅದಕ್ಕೆ ನೀನಿದ್ದೆಯಲ್ಲ! ಎಡಗಡೆಯ ಪರದೆಯ ಹಿಂದೆ ಗೋಣಿಚೀಲದ ಮೇಲೆ ನೋಟ್‌ಬುಕ್ ಹಿಡಿದು ಕೂತು, ಒಬ್ಬನ ಮಾತು ಮುಗಿಯುವ ಮೊದಲೇ ಇನ್ನೊಬ್ಬನಿಗೆ ಮಾತಿನ ತುದಿ ಎತ್ತಿಕೊಡುತ್ತಿದ್ದೆ ನೀನು. ನಾವು ಅದನ್ನು ಹಿಡಿದು ಮಂದಿಗೆ ಒದರುತ್ತಿದ್ದೆವು. "ಏ ಸುಜ್ಜಿ, ಎಡಗಿವಿ ನನ್ನ ಕಡಿ ಇಡು, ಮಾರಿ ಮಂದಿ ಕಡಿ ಇಡು. ಸುಮ್ಮ ಮಾತ್ರ ನಿಂದರಬ್ಯಾಡ. ಮೌನ ಬಂಗಾರ ಅಂತಾರ, ಸ್ಟೇಜ್ ಮ್ಯಾಲ ಮೌನ ಅಂದ್ರ ಸೀಟಿ ಹೊಡಿತಾರ." ಹದಿನಾಲ್ಕನೇ ವಯಸ್ಸಿನಿಂದ ಇಪ್ಪತ್ತಮೂರರವರೆಗೆ ನಾನು ಕಲಿತ ನಾಟಕ ಇಷ್ಟೇ.

ಬಸವಕಲ್ಯಾಣದ ಆ ಮಧ್ಯಾಹ್ನ, ಸ್ಪರ್ಧೆಯ ನಾಟಕ. ಮಾಸ್ಕೋದ ತರಬೇತಿಗೆ ನಟರನ್ನು ಆರಿಸಲು ಬೆಂಗಳೂರಿನಿಂದ ಬಂದಿದ್ದ ಮೇಡಂ ಮೊದಲ ಸಾಲಿನಲ್ಲೇ ಕೂತಿದ್ದರು. ಗಂಡ ಸತ್ತ ಸುದ್ದಿ ಕೇಳುವ ದೃಶ್ಯ ನನ್ನದು. ಸುದ್ದಿ ಕೇಳಿದೆ, ನಿನ್ನ ಕಡೆ ಕಿವಿ ಕೊಟ್ಟೆ. ನಿನ್ನ ಕೆಮ್ಮು ಕೇಳಿಸಿತು. ಆಮೇಲೆ ಏನೂ ಇಲ್ಲ. ಒಂದು, ಎರಡು, ಹತ್ತು… ಏನೂ ತೋಚದೆ ನೆಲಕ್ಕೆ ಕುಸಿದೆ, ಪರದೆ ಎಳೆದರು. ಒಳಗೆ ಬಂದವಳೇ ಎಲ್ಲರೆದುರು ಬಾಯಿ ಮಾಡಿದೆ: "ಮಾತ್ ಯಾಕ ಕೊಡಲಿಲ್ಲ? ಸತ್ತಿದ್ದೇನ್ ಒಳಗ?" ನೀನು ಒಂದು ಕೈಯಲ್ಲಿ ಎದೆ ಹಿಡಿದು, ಇನ್ನೊಂದರಲ್ಲಿ ನೋಟ್‌ಬುಕ್ಕಿನ ಹಾಳೆ ಸರಿಮಾಡುತ್ತ, "ಉಸರ ಸಿಕ್ಕೊಂಡಿತ್ತವ್ವಾ. ಇನ್ನೊಮ್ಮೆ ಹಂಗ ಆಗಂಗಿಲ್ಲ" ಎಂದೆ. ಅಷ್ಟು ಹಿರಿಯ ಮನುಷ್ಯ, ನನ್ನಂಥವಳ ಮುಂದೆ ತಲೆ ತಗ್ಗಿಸಿದೆ! ನನ್ನ ಬಾಯಿಗೆ ಹುಳ ಬೀಳಬೇಕಿತ್ತು.

ಎರಡು ವಾರಕ್ಕೆ ಆಯ್ಕೆಯ ಫೋನ್ ಬಂತು. ಆ ಮೇಡಂ ಏನೆಂದರು ಗೊತ್ತೇ? "ಅಬ್ಬಾ, ಆ ಮೌನ! ಸುದ್ದಿ ಕೇಳಿ ಅಷ್ಟು ಹೊತ್ತು ಹಾಗೇ ನಿಂತಿದ್ದಿರಲ್ಲ, ಅದಕ್ಕೇ ನಿಮ್ಮನ್ನು ಆರಿಸಿದ್ದು." ನಾನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ನೀನು ಪೇಢೆ ತಂದು ಓಣಿಗೆಲ್ಲ ಹಂಚಿದೆ. "ಏನ್ ನೋಡಿ ಆರಿಸ್ಯಾರಂತ?" ಎಂದು ಎಷ್ಟು ಆಸೆಯಿಂದ ಕೇಳಿದೆ! "ಚಲೋ ಮಾಡೀನಿ, ಆರಿಸ್ಯಾರ. ಇನ್ನೇನ್ ಇರ್ತದ?" ಎಂದುಬಿಟ್ಟೆ. ನಿನ್ನ ಉಸಿರು ಸಿಕ್ಕಿಕೊಂಡ ಹೊತ್ತನ್ನು ನನ್ನ ನಟನೆ ಎಂದು ಮಾರಿಕೊಂಡೆ, ಕಾಕಾ. ಒಪ್ಪಿಕೊಳ್ಳಬೇಕಾದದ್ದು ಇದೇ. ನಾಳೆ ಹೇಳಿದರಾಯಿತು, ಹೊರಡುವ ಮುಂಚೆ ಹೇಳಿದರಾಯಿತು ಅಂದುಕೊಂಡೆ. ಮುಂದಿನ ವಾರ ಆ ಎದೆನೋವಿಗೇ ನೀನು ಹೊರಟುಬಿಟ್ಟೆ…

ಇಲ್ಲಿಗೆ ಬಂದ ಮೊದಲ ವಾರವೆಲ್ಲ ನಟನೆಯ ಅಭ್ಯಾಸವೆಂದು ಕಾಣದ ಸೂಜಿಗೆ ಕಾಣದ ದಾರ ಪೋಣಿಸಿದೆವು. ದಿನಕ್ಕೆ ಹತ್ತು ಗಂಟೆ ಪಾಠ. ಕುಣಿತ, ಕತ್ತಿವರಸೆ, ಧ್ವನಿ, ಎಲ್ಲವನ್ನೂ ಹೇಗೋ ಎಳೆದೆ. ಆಮೇಲೆ ನಮ್ಮ ಗುರು ಲುದ್ಮಿಲಾ ಒಂದು ಹೊಸ ಅಭ್ಯಾಸ ಕೊಟ್ಟರು. ಇಬ್ಬರು ನಟರು, ಬರೆದ ಮಾತಿಲ್ಲ. ಇಬ್ಬರೂ ಸುಮ್ಮನಿರಲು ಕಾರಣವಿರಬೇಕು. ಇನ್ನು ಆಡದೆ ಇರಲಾಗದು ಎನ್ನುವಾಗ ಒಂದು ಮಾತು ತಾನಾಗಿ ಹುಟ್ಟಬೇಕು. ಹುಟ್ಟದಿದ್ದರೆ ಆಡಕೂಡದು. ಅರ್ಧ ವರ್ಷದ ಪರೀಕ್ಷೆಯೂ ಅದೇ, ಸೋತವರು ಊರಿಗೆ ವಾಪಸ್. ನಿನ್ನ ಶಿಷ್ಯೆಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ನಗಬೇಡ.

ಮೌನ ಶುರುವಾಯಿತೆಂದರೆ ಸಾಕು, ನನ್ನ ಕುತ್ತಿಗೆ ತಾನಾಗಿ ಎಡಕ್ಕೆ ವಾಲುತ್ತಿತ್ತು. ಲುದ್ಮಿಲಾ ಚಪ್ಪಾಳೆ ತಟ್ಟಿ ನಿಲ್ಲಿಸಿ, "ಅಲ್ಲಿ ಯಾರಿದ್ದಾರೆ?" ಎಂದು ಕೇಳುತ್ತಿದ್ದರು. "ಯಾರೂ ಇಲ್ಲ" ಎನ್ನುತ್ತಿದ್ದೆ. "ಇದ್ದಾರೆ. ಎದುರಿಗಿರುವವನನ್ನು ಬಿಟ್ಟು ನೀನು ಅವರನ್ನು ಕೇಳುತ್ತಿದ್ದೀಯ." ಪರೀಕ್ಷೆಗೆ ಮೂರು ದಿನ ಇರುವಾಗ, ಹೀಗೇ ಆದರೆ ನಿನ್ನನ್ನು ಉಳಿಸಿಕೊಳ್ಳಲಾರೆ ಎಂದೂ ಹೇಳಿದರು. ಕಾಕುಗೆ ಫೋನ್ ಮಾಡಿ ಅತ್ತೆ. ನಿನ್ನ ಹೆಂಡತಿ ನಿನ್ನಷ್ಟು ಮೆತ್ತಗಲ್ಲ, ಗೊತ್ತಲ್ಲ? "ಅಳೂದಕ್ಕ ರಷ್ಯಾತನಕ ಯಾಕ ಹೋದಿ? ಇಲ್ಲೇ ನನ್ನ ಬಾಜೂಕ ಕುಂತು ಅಳಬಹುದಿತ್ತಲ್ಲ. ಮಾರಿ ತೊಳ್ಕೊ, ಹೋಗು" ಎಂದಳು.

ಪರೀಕ್ಷೆಯಲ್ಲಿ ನನಗೆ ಜೊತೆಯಾದವನು ತೈಮೂರ್, ಕಜಾಕಿಸ್ತಾನದವನು. ದೃಶ್ಯದಲ್ಲಿ ಅವನು ಹಾಸಿಗೆ ಹಿಡಿದ ರೋಗಿ. ನಾನು ಹಿಂದೊಮ್ಮೆ ಅವನನ್ನು ಬಯ್ದು, ಈಗ ಕ್ಷಮೆ ಕೇಳಲು ಬಂದವಳು. ಹೌದು, ನಿನ್ನ ನನ್ನ ಕತೆಯನ್ನೇ ಇಟ್ಟೆ. ಇಡಬಾರದಿತ್ತೇ? "ನನ್ನದು ತಪ್ಪಾಯಿತು" ಎಂಬ ಮಾತನ್ನು ರೂಮಿನಿಂದಲೇ ಗಂಟು ಕಟ್ಟಿಕೊಂಡು ಹೋಗಿದ್ದೆ. ಕುರ್ಚಿಯಲ್ಲಿ ಕೂತೆ. ಎದುರಿಗೆ ಐವರು ಪರೀಕ್ಷಕರು. ಯಾರೋ ಪೆನ್ನು ಕೆಳಗಿಟ್ಟದ್ದು ಕೇಳಿಸಿತು. ಕುತ್ತಿಗೆ ಎಡಕ್ಕೆ ಹೊರಟಿತು, ಹಲ್ಲು ಕಚ್ಚಿ ತಡೆದೆ. ಕಟ್ಟಿಕೊಂಡು ಹೋಗಿದ್ದ ಮಾತು ಗಂಟಲಿಗೆ ಬಂತು, ಸುಳ್ಳೆನಿಸಿತು, ನುಂಗಿದೆ. ಮುಗಿಯಿತು ನನ್ನ ಕತೆ ಅಂದುಕೊಂಡೆ. ಅಷ್ಟರಲ್ಲಿ ತೈಮೂರ್ ಕೆಮ್ಮಿದ. ಮೊದಲ ಸಲ ಅವನ ಮುಖ ಸರಿಯಾಗಿ ನೋಡಿದೆ. ತುಟಿ ಒಣಗಿ ಬಿಳಿಚಿದ್ದವು, ಪಾಪ, ಅವನಿಗೂ ಹೆದರಿಕೆ. ನನಗೆ ಪರೀಕ್ಷೆ ಮರೆತುಹೋಯಿತು. "ನೀರ್ ಕೊಡ್ಲೇನ?" ಎಂದೆ, ನಮ್ಮ ಮನೆಯ ಕನ್ನಡದಲ್ಲೇ. ಅವನಿಗೆ ಕನ್ನಡ ಎಲ್ಲಿ ಬರಬೇಕು? ಆದರೂ ಹೂಂ ಎಂದು ತಲೆಯಾಡಿಸಿದ.

ಮನೆಗೆ ಕಳಿಸುವವರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಕಾಕಾ. ಉಳಿದೆ. ಲುದ್ಮಿಲಾ ಹತ್ತಿರ ಕರೆದು, "ಇದು ಹುಟ್ಟಿದ ಮಾತು" ಎಂದಷ್ಟೇ ಹೇಳಿದರು. ಉಳಿದವರೆಲ್ಲ ಕುಣಿದಾಡುತ್ತಿದ್ದರೆ ನಾನು ಮೆಟ್ಟಿಲ ಮೇಲೆ ಕೂತು ಗಳಗಳನೆ ಅತ್ತೆ. ಬೆಂಗಳೂರಿನ ಮೇಡಂಗೂ ನಿಜ ಬರೆದು ಕಳಿಸಿದ್ದೇನೆ, ಆ ಮೌನ ನನ್ನದಲ್ಲ, ನನ್ನ ಕಾಕಾನದು ಎಂದು. ಅವರು ಏನು ಬೇಕಾದರೂ ಅಂದುಕೊಳ್ಳಲಿ. ಇನ್ನು ಮೇಲೆ ನನ್ನ ಎದುರಿಗಿರುವವರ ಮುಖ ನೋಡಿಯೇ ಮಾತಾಡುತ್ತೇನೆ, ನಿನ್ನಾಣೆ. ಆದರೆ ಒಂದು ಸಂಕಟ ಮಾತ್ರ ಹೋಗುತ್ತಿಲ್ಲ. ಪರೀಕ್ಷಕರು ಮೆಚ್ಚಿದ ಆ ಎರಡು ಪದ, ಬಸವಕಲ್ಯಾಣದಲ್ಲಿ ನೀನು ಎದೆ ಹಿಡಿದು ಕೂತಿದ್ದಾಗ, ನಿನ್ನ ಹತ್ತಿರ ಆಡಬೇಕಿತ್ತು.

ನಿನ್ನ
ಸುಜಾತಾ