ನೀನು ಹೇಳಿದ ಸುತ್ತುದಾರಿ

ಗೆಳೆಯಾ,

ನೀನು ಓದುವುದಿಲ್ಲವೆಂಬ ಧೈರ್ಯದಿಂದ ಒಪ್ಪಿಕೊಳ್ಳುತ್ತೇನೆ: ನಮ್ಮ ಅಂಗಡಿಯಿಂದ ಗಿರಾಕಿಗಳನ್ನು ಕರೆದೊಯ್ಯುವ ಸೈಕಲ್ ಪ್ರವಾಸಕ್ಕೆ ನೀನು ಹೇಳಿದ ಸುತ್ತುದಾರಿಯೇ ಸರಿ. ಯಾವ ದಾರಿ ಎಂಬ ಜಗಳಕ್ಕೇ ನೀನು ಅಂಗಡಿ ಬಿಟ್ಟು ಹೋದ ಮೇಲೆ, ಮೂರು ಮೈಲಿ ಉಳಿತಾಯವೆಂದು ನದಿ ಕಡಲು ಸೇರುವಲ್ಲಿನ ಮರಳಿನ ದಾರಿಯನ್ನೇ ನಕ್ಷೆಗೆ ಹಾಕಿದ್ದೆ.

ಇವತ್ತು ನಡುದಾರಿಯಲ್ಲಿ ಉಬ್ಬರ ಬಂತು. ಪ್ರವಾಸಕ್ಕೆ ಬಂದಿದ್ದ ಹನ್ನೆರಡು ಜನ ಮೊಣಕಾಲುದ್ದ ನೀರಲ್ಲಿ ಸೈಕಲ್ ಹೊತ್ತು ನಡೆದರು.

"ಏನಪ್ಪಾ, ನಾವು ಸೈಕಲ್ ಮೇಲೆ ಹೋಗೋದೋ, ಸೈಕಲ್ಲೇ ನಮ್ಮ ಮೇಲೆ ಬರೋದೋ?" ಎಂದರು ಅವರಲ್ಲೊಬ್ಬ ನಿವೃತ್ತ ಮೇಷ್ಟ್ರು.

"ಎರಡೂ ಸೇರಿದ್ರೇನೇ ಪ್ರವಾಸ, ಸಾರ್!" ಎಂದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಈ ದಾರಿ ಹುಡುಕಿದ ಮಹಾನುಭಾವ ಯಾರು?" ಎಂದು ಮೇಷ್ಟ್ರು ಮತ್ತೆ ಕೇಳಿದರು.

ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. "ನಾನೇ ಸಾರ್," ಎಂದೆ.

ಅಂಗಡಿಗೆ ಬಂದವನೇ ನಿನ್ನ ಸುತ್ತುದಾರಿಯನ್ನು ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಬರೆದೆ.

ನೀನು ಇಲ್ಲೇ ಬಿಟ್ಟುಹೋದ ನಿನ್ನ ಸೈಕಲ್ಲನ್ನು ಗಿರಾಕಿಗಳು ಬಾಡಿಗೆಗೆ ಕೇಳಿದಾಗಲೆಲ್ಲ ಬ್ರೇಕ್ ಕೆಟ್ಟಿದೆ ಎನ್ನುತ್ತೇನೆ. ಕೆಟ್ಟಿಲ್ಲ. ವಾರಕ್ಕೊಮ್ಮೆ ನಾನೇ ನೋಡುತ್ತೇನೆ.