ತಿನ್‌ಸುಕಿಯಾಕ್ಕೆ ನಾವು ಹತ್ತದ ರೈಲು

ನನ್ನ ಯಜಮಾನರಿಗೆ,

ಹೀಗೆ ಬರೆದರೆ ನೀವು ನಗ್ತೀರಿ. ಇಪ್ಪತ್ತನಾಲ್ಕು ವರ್ಷ ನಿಮ್ಮನ್ನು ‘ಹ್ವಾಯ್’ ಅಂತಲೇ ಕರೆದವಳು ನಾನು. ಸರಿ, ಹ್ವಾಯ್, ಕೇಳಿ. ನಾಳೆ ಮದ್ರಾಸ್ ಸೆಂಟ್ರಲ್‌ನಿಂದ ಗುವಾಹಾಟಿಗೆ ನನ್ನ ಟಿಕೆಟ್ ಆಗಿದೆ. ಅಲ್ಲಿಂದ ಮುಂದೆ ತಿನ್‌ಸುಕಿಯಾ. ಹೌದು, ಅದೇ. ಟಿಕೆಟ್ ತೆಗೆದು ಜೇಬಲ್ಲಿಟ್ಟುಕೊಂಡು, ನನ್ನಿಂದಾಗಿ ನೀವು ಹೋಗದೆ ತಿರುಗಿ ಬಂದ ಊರು. ಹೊರಡುವ ಮುಂಚೆ ನಿಮಗೊಂದು ವಿಷಯ ಹೇಳಲಿಕ್ಕುಂಟು. ಒಂಬತ್ತು ವರ್ಷದಿಂದ ಗಂಟಲಲ್ಲೇ ಇದೆ. ನೀವಿದ್ದಾಗ ಹೇಳುವ ಧೈರ್ಯ ಬರಲಿಲ್ಲ. ನೀವು ಹೋಗಿ ಎರಡು ವರ್ಷ ಆದ ಮೇಲೆ ಬಂತು. ಎಂಥ ಹೆಂಡತಿ ನೋಡಿ.

ತೊಂಬತ್ತೆಂಟರಲ್ಲಿ ವೆಸ್ಟ್ ಮಾಂಬಲಂನಲ್ಲಿ ನೀವು ಅಡುಗೆಗಿದ್ದ ಹೋಟೆಲಿಗೆ ಧಣಿಯ ಮಕ್ಕಳು ಬೀಗ ಹಾಕಿದ ದಿನ ನೆನಪಿದೆಯಾ? ಉಳಿದ ಅಡುಗೆಯವರೆಲ್ಲ ತಲೆಮೇಲೆ ಕೈಹೊತ್ತು ಕೂತಿದ್ದರು. ನೀವು ಮಾತ್ರ ನಗ್ತಾ ಮನೆಗೆ ಬಂದು, "ಗಿರಿಜಾ, ದೇಶ ನೋಡ್ಕೊಂಡು ಬರುವನಾ?" ಅಂದಿರಿ. ಇವರಿಗೆ ತಲೆ ಕೆಟ್ಟಿತು ಅಂದುಕೊಂಡೆ. ಕೈಯಲ್ಲಿ ದುಡ್ಡಿಲ್ಲದಿದ್ದರೂ ದೋಸೆ ಹೊಯ್ಯಲಿಕ್ಕೆ ಬರ್ತದಲ್ಲ ಅಂತ ನಿಮ್ಮ ವಾದ. ದೊಡ್ಡ ಊರು ಅಂದ ಮೇಲೆ ನಮ್ಮ ಕಡೆಯವರ ಹೋಟೆಲೊಂದು ಇದ್ದೇ ಇರ್ತದೆ, ಅದರ ಹಿಂಬಾಗಿಲಲ್ಲಿ ನಿಂತು ಊರು, ಮನೆ ಹೆಸರು ಹೇಳಿದರೆ ಮಲಗಲಿಕ್ಕೆ ಜಾಗ ಸಿಗ್ತದೆ. ಒಂದೆರಡು ತಿಂಗಳು ದುಡಿಯುವುದು, ಮುಂದಿನ ಊರಿನ ಟಿಕೆಟ್ಟಿಗೆ ಆದ ಕೂಡಲೇ ಹೊರಡುವುದು. ಕಡೆಗೆ ರೈಲು ಮುಗಿಯುವಲ್ಲಿ ನಿಲ್ಲುವುದು.

ನೀವು ಹೇಳಿದ ಹಾಗೇ ಆಯ್ತಲ್ಲ! ವಿಜಯವಾಡದಲ್ಲಿ "ಯಾರ ಪೈಕಿ ನೀವು?" ಅಂತ ಕೇಳಿ ಒಳಗೆ ಕರೆದರು. ನಾಗಪುರದ ಧಣಿಯಂತೂ ನಿಮ್ಮ ಅಜ್ಜಿಯ ತವರಿನಿಂದ ಎಂಥದೋ ಸಂಬಂಧ ಹುಡುಕಿ ತೆಗೆದು, ನಾನು ಅವರಿಗೆ ತಂಗಿಯಾಗಬೇಕು ಅಂತ ತೀರ್ಮಾನ ಮಾಡಿಬಿಟ್ಟರು. ಜನರಲ್ ಡಬ್ಬಿಯಲ್ಲಿ ಟ್ರಂಕಿನ ಮೇಲೆ ಕೂತು ಹೋಗುವಾಗ ನಾನು ಬೈದದ್ದೆಷ್ಟು! ಆದರೆ ನರ್ಮದೆ ದಾಟುವಾಗ ನನಗೆ ಕಾಣಲಿ ಅಂತ ನೀವು ನಾಲ್ಕು ಜನರನ್ನು ಹಿಂದಿಯಲ್ಲೂ ತಮಿಳಲ್ಲೂ ಬೇಡಿಕೊಂಡು ಕಿಟಕಿ ಬಿಡಿಸಿಕೊಟ್ಟಿರಿ. ಆಗ ನನಗೆ ಎಷ್ಟು ಖುಷಿಯಾಗಿತ್ತು ಅಂತ ನಿಮಗೆ ಹೇಳಲೇ ಇಲ್ಲ. ಹೇಳಬಹುದಿತ್ತು.

ಲುಧಿಯಾನದ ಜನವರಿ ನೆನೆಸಿದರೆ ಈಗಲೂ ಒಬ್ಬಳೇ ನಗ್ತೇನೆ. ಮದ್ರಾಸಿನ ಅಂದಾಜಲ್ಲೇ ಹಿಟ್ಟು ರುಬ್ಬಿಟ್ಟು, "ನಾಳೆ ಪಂಜಾಬಿಗಳಿಗೆ ತೋರಿಸ್ತೇನೆ" ಅಂದವರು ನೀವು. ಬೆಳಿಗ್ಗೆ ನೋಡಿದರೆ ಹಿಟ್ಟು ಇಟ್ಟಲ್ಲೇ ಇದೆ, ಒಂದು ಗುಳ್ಳೆ ಇಲ್ಲ. ನಿಮ್ಮ ಮುಖ ನೋಡಬೇಕಿತ್ತು. ಆಮೇಲೆ ಚಳಿ ಮುಗಿಯುವ ತನಕ ನಮ್ಮದಿದ್ದ ಒಂದೇ ರಗ್ಗನ್ನು ಹಿಟ್ಟಿನ ಕೊಪ್ಪರಿಗೆಗೆ ಹೊದಿಸಿ, ನಾವಿಬ್ಬರೂ ಗೋಣಿಚೀಲ ಹೊದ್ದು ಮಲಗಿದ್ದು. ನಿಮಗೆ ಹೆಂಡತಿಗಿಂತ ಹಿಟ್ಟೇ ಹೆಚ್ಚು ಅಂತ ನಾನು ರೇಗಿದರೆ ಧಣಿಯ ಹೆಂಡತಿ ಬಿದ್ದು ಬಿದ್ದು ನಕ್ಕಿದ್ದರು.

ಆದರೆ ನಿಮಗೆ ಕಾಣದ ಒಂದು ಕಷ್ಟ ನನಗಿತ್ತು. ಹನ್ನೊಂದು ತಿಂಗಳು ನನ್ನದು ಅಂತ ಒಂದು ಬಾಗಿಲಿರಲಿಲ್ಲ. ಅಕ್ಕಿಮೂಟೆಯ ಮರೆಯಲ್ಲಿ ಸೀರೆ ಉಡುವುದು, ಅಡುಗೆಯವರು ಏಳುವ ಮುಂಚೆ ಸ್ನಾನ ಮುಗಿಸುವುದು. ಅದನ್ನೂ ಸಹಿಸಿದೆ. ತಿಂಗಳ ಆ ಮೂರು ದಿನ ಮಾತ್ರ ಸಾಕುಸಾಕಾಗ್ತಿತ್ತು. ನಮ್ಮವರ ಹೋಟೆಲುಗಳಲ್ಲಿ ಆಗ ಮುಟ್ಟಾದವರು ಅಡುಗೆಮನೆ ಮೆಟ್ಟುವ ಹಾಗಿರಲಿಲ್ಲ. ಪ್ರತಿ ಊರಲ್ಲೂ ಮುಖಪರಿಚಯ ಇಲ್ಲದ ಧಣಿಯ ಹೆಂಡತಿಯ ಹತ್ತಿರ ಹೋಗಿ ಹೇಳಬೇಕು. ಆಮೇಲೆ ಹಿತ್ತಲ ಜಗಲಿಯಲ್ಲಿ ತಟ್ಟೆ, ಚಾಪೆ ಬೇರೆ ಇಟ್ಟುಕೊಂಡು ಕೂರಬೇಕು. ಬಂದು ಹೋಗುವ ಸಪ್ಲೈಯರುಗಳಿಗೆಲ್ಲ ಗೊತ್ತು. ನೀವು ಊಟ ತಂದು ದೂರದಲ್ಲಿಟ್ಟು, "ಮುಂದಿನ ಊರು ಚಂದ ಉಂಟಂತೆ" ಅಂತಿದ್ದಿರಿ. ನನಗೆ ಬೇಕಾದದ್ದು ಒಳಗಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ.

ಗುವಾಹಾಟಿಗೆ ಬಂದ ಮೇಲೆ ನಾನು ಹೊರಗೆ ಕೂರಲಿಲ್ಲ. ಐದು ವಾರ, ಆರು ವಾರ ಆಯ್ತು. ನನಗೆ ನಲವತ್ತೊಂದು. ಮದುವೆಯಾಗಿ ಹದಿನೇಳು ವರ್ಷ. ಬಾಯಿಬಿಟ್ಟು ಹೇಳಿದರೆ ಎಲ್ಲಿ ದೃಷ್ಟಿ ತಾಗ್ತದೋ ಅಂತ ಸುಮ್ಮನಿದ್ದೆ. ನೀವೂ ಲೆಕ್ಕ ಹಾಕಿದ್ದಿರಿ, ಅಲ್ವಾ? ಏನೂ ಕೇಳದೆ ನನ್ನ ಕೈಯಿಂದ ತುರಿಮಣೆ ಕಿತ್ತುಕೊಂಡಿರಿ. ಕಿತ್ತಳೆ ತಂದು ಸುಲಿದುಕೊಟ್ಟಿರಿ. ಅಲ್ಲಿನ ಧಣಿ ಐತಾಳರ ಭಾವ ತಿನ್‌ಸುಕಿಯಾದಲ್ಲಿ ಹೋಟೆಲಿಟ್ಟು ನಿಮಗಾಗಿ ಕಾಯ್ತಿದ್ದರು. ಟಿಕೆಟ್ ನಿಮ್ಮ ಜೇಬಲ್ಲಿತ್ತು.

ಹೊರಡಲಿಕ್ಕೆ ಎರಡು ದಿನ ಇರುವಾಗ, ಬೆಳಿಗ್ಗೆ ಸ್ನಾನದ ಮನೆಯಲ್ಲಿ ನನಗೆ ಗೊತ್ತಾಯ್ತು. ಎಲ್ಲ ತಿಂಗಳ ಹಾಗೇ. ಅತ್ತುಬಿಟ್ಟೆ ಹ್ವಾಯ್, ನಲ್ಲಿ ನೀರು ಬಿಟ್ಟುಕೊಂಡು ಅತ್ತೆ. ಆಮೇಲೆ ಐತಾಳರ ಹೆಂಡತಿಗೆ ಹೇಳೋಣ ಅಂತ ಹೊರಗೆ ಬಂದರೆ, ಗೋಡೆಯಾಚೆ ನಿಮ್ಮ ದನಿ. "ತಿನ್‌ಸುಕಿಯಾ ಬೇಡ ಐತಾಳ್ರೆ. ಮದ್ರಾಸಿಗೆ ಹೋಗಿ ಒಂದು ಮನೆ ಮಾಡ್ತೇನೆ. ಇವಳಿಗೆ ಇನ್ನು ಮನೆ ಬೇಕು."

ಮನೆ ಅಂದಿರಿ. ನಾನು ಕಣ್ಣೊರೆಸಿಕೊಂಡು ನೇರ ಅಡುಗೆಮನೆಗೆ ಹೋಗಿ, ಮೆಟ್ಟುಕತ್ತಿಯ ಮುಂದೆ ಕೂತು ಬೀನ್ಸ್ ಹೆಚ್ಚಿದೆ. ಮಾಡಿದ್ದು ಅಷ್ಟೇ. ಬಾಯಲ್ಲಿ ಒಂದು ಸುಳ್ಳೂ ಹೇಳಲಿಲ್ಲ. ನೀವು ಬಾಗಿಲಲ್ಲಿ ನಿಂತು, ನಾನು ಒಳಗಿರುವುದನ್ನು ನೋಡಿ, ಟಿಕೆಟ್ ವಾಪಸು ಮಾಡಲಿಕ್ಕೆ ಹೋದಿರಿ.

ಬರುವಾಗ ನೀವು ಮೊದಲ ಸಲ ಸ್ಲೀಪರ್ ಟಿಕೆಟ್ ತೆಗೆದಿರಿ. ನನ್ನ ಸೀಟಿನ ಪಕ್ಕ ನೆಲದಲ್ಲೇ ಮಲಗಿದಿರಿ, ಯಾರಾದರೂ ಎಡವಿ ನನ್ನ ಮೇಲೆ ಬಿದ್ದಾರು ಅಂತ. ವಿಜಯವಾಡ ದಾಟುವುದರೊಳಗೆ ಹೇಳಿಬಿಡ್ತೇನೆ ಅಂದುಕೊಂಡೆ. ಗೂಡೂರು ಬಂತು, ಮದ್ರಾಸೂ ಬಂತು. ಮಾಂಬಲಂ ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಮನೆ ಸಿಕ್ಕಿತು, ಒಳಗಿನ ಚಿಲಕ ಗಟ್ಟಿ ಇತ್ತು. ಮುಂದಿನ ತಿಂಗಳು ನಾನು ಹೊರಗೆ ಕೂತೆ. ನೀವು ಒಳಗೆ ಹೋಗಿ ಮೆಂತೆ ಗಂಜಿ ಕಾಯಿಸಿ ತಂದಿರಿ. ಒಂದು ತಿಂಗಳು, ದಿನಾ, ಬಾಣಂತಿಗೆ ಕೊಡುವ ಹಾಗೆ. ನಾನದನ್ನು ಉಂಡೆ. ಅದು ಹೇಗೆ ಒಳಗಿಳಿಯಿತೋ ಮಾರಾಯ್ರೆ...

ಆಮೇಲೆ ನೀವು ಬೆಸೆಂಟ್ ನಗರದ ಹೋಟೆಲಿಗೆ ಸೇರಿದಿರಿ, ದಿನಾ ಅದೇ ಬಸ್ಸು, ಅದೇ ಕಾವಲಿ. ರೈಲಿನ ಮಾತು ಮತ್ತೆ ಎತ್ತಲೇ ಇಲ್ಲ. ಸ್ಟೇಷನ್ನಿನ ಅನೌನ್ಸ್‌ಮೆಂಟ್ ನಮ್ಮ ಮನೆಯೊಳಗೇ ಕೇಳ್ತಿತ್ತು, ನೀವು ಕಿವಿ ಕೇಳದವರ ಹಾಗೆ ಕೂತಿರ್ತಿದ್ದಿರಿ. ಅಲೆದದ್ದು ಸಾಕಾಗಿದೆ ಅಂತಲೇ ನಾನಂದುಕೊಂಡೆ. ಹಾಗಂದುಕೊಂಡರೆ ನನಗೂ ಆರಾಮ ಇತ್ತಲ್ಲ.

ಆಸ್ಪತ್ರೆಯಲ್ಲಿ ಆ ಸಂಜೆ ನೀವೇ ನನ್ನ ಕೈ ಹಿಡಿದಿರಿ. "ನಿನ್ನನ್ನು ಊರೂರು ಅಲೆಸಿದೆ ಗಿರಿಜಾ. ಅದಕ್ಕೇ ಮಗು ನಿಲ್ಲಲಿಲ್ಲ. ನನ್ನದೇ ತಪ್ಪು." ಏಳು ವರ್ಷ ಇದನ್ನು ಎದೆಯಲ್ಲಿಟ್ಟುಕೊಂಡು ದೋಸೆ ಹೊಯ್ದಿರಾ? ಆಗಲಾದರೂ ನಾನು ಬಾಯಿಬಿಡಬೇಕಿತ್ತು. ಮಾತಾಡಬೇಡಿ, ಸುಸ್ತಾಗ್ತದೆ ಅಂದು ಹೊದಿಕೆ ಸರಿಮಾಡಿದೆ. ಎರಡು ದಿನ ಬಿಟ್ಟು ನೀವು...

ಹೋದ ವಾರ ತಿನ್‌ಸುಕಿಯಾಕ್ಕೆ ಫೋನು ಮಾಡಿದ್ದೆ. ಐತಾಳರ ಭಾವನ ಹೋಟೆಲು ಇನ್ನೂ ಉಂಟು. ಅಡುಗೆಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಅಂತ ಅವರು ರಾಗ ಎಳೆದರು. ನನ್ನ ದೋಸೆ ತಿಂದು ಆಮೇಲೆ ಹೇಳಿ ಅಂದೆ. ಎರಡು ತಿಂಗಳು ಅಲ್ಲಿರ್ತೇನೆ. ಆಮೇಲೆ ರೈಲು ಮುಗಿಯುವ ತನಕ, ಅದಾದ ಮೇಲೆ ಬಸ್ಸು ಹೋಗುವ ತನಕ. ಇವತ್ತು ಮನೆ ಖಾಲಿ ಮಾಡಿ ಬೀಗದಕೈಯನ್ನು ಓನರ್ ಮಾಮಿಯ ಕೈಗೆ ಕೊಟ್ಟೆ. "ತನಿಯಾವಾ ಪೋರೆ?" ಅಂತ ಕೇಳಿದರು. ಹೌದು, ಒಬ್ಬಳೇ ಅಂದೆ. ಎಷ್ಟು ಕಷ್ಟಪಟ್ಟು ಅಂದೆ ಗೊತ್ತಾ? ಪಕ್ಕದಲ್ಲಿ ನೀವಿರಬೇಕಿತ್ತು.

ಮಗು ಇರಲೇ ಇಲ್ಲ ಹ್ವಾಯ್. ನೀವು ಅಲೆಸಿದ್ದಕ್ಕೆ ಏನೂ ಕಳೆದುಹೋಗಲಿಲ್ಲ. ಮದುವೆಯಾದ ಲಾಗಾಯ್ತು ನೀವು ನನಗೆ ಒಂದು ಸಲವೂ ಬೈದವರಲ್ಲ. ಇದಕ್ಕಾದರೂ ಬೈಯಿರಿ. ಎಲ್ಲಿದ್ದೀರೋ ಅಲ್ಲಿಂದಲೇ, ಜೋರಾಗಿ ಬೈಯಿರಿ, ನಾನು ಕೇಳಿಸಿಕೊಂಡು ರೈಲು ಹತ್ತುತ್ತೇನೆ.

ನಿಮ್ಮ,
ಗಿರಿಜ