ಹುಬ್ಬಿನ ಮೇಲಿನ ಗೆರೆ

ಮನೆ ಹಿಂದಿನ ಕೆಲಸದ ಕೊಠಡಿ,
ತಾ. ೧೪, ಬುಧವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ, ನಿನ್ನ ಗುಬ್ಬಿಯ ನಮಸ್ಕಾರ.

ಹೇಗಿದ್ದೀಯ? ಬೆನ್ನುನೋವು ಎಂದು ಹೋದ ವರ್ಷದ ಕಾಗದದಲ್ಲಿ ನೀನು ಬರೆದಿದ್ದೆ. ಬೆಳಗಿನಿಂದ ಸಂಜೆವರೆಗೆ ಬಗ್ಗಿಕೊಂಡು ಗ್ರಂಥಾಲಯದ ಹಳೇ ಪುಸ್ತಕಗಳಿಗೆ ರಟ್ಟು ಕಟ್ಟಿದರೆ ನೋಯದೆ ಇರುತ್ತದೆಯೇ? ಆಗಾಗ ಎದ್ದು ಓಡಾಡು. ಅತ್ತಿಗೆ, ಮಗು ಹೇಗಿದ್ದಾರೆ? ಮಗುವಿಗೆ ಹಲ್ಲು ಬಂದಿರಬೇಕು. ನಾವು ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಹೋಗಿ ಎರಡು ಸಲ ಪೆನ್ನು ಕೆಳಗಿಟ್ಟೆ. ಚೆನ್ನಾಗಿಲ್ಲ ಅಣ್ಣ. ನಾಲ್ಕು ದಿನದಿಂದ ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಫೋನ್ ಮಾಡಿದರೆ ಈ ಮನೆಯ ನಂಬರ್ ನೋಡಿ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಸಿಟ್ಟು ಮಾಡಿಕೊಳ್ಳದೆ ಕೊನೆವರೆಗೂ ಓದು.

ಚರ್ಚಿನ ಚಾವಣಿ ಸೋರಿ ರಿಪೇರಿಗೆ ಬಂತು. ಒಳಗಿದ್ದ ಪ್ರತಿಮೆಗಳನ್ನೆಲ್ಲ ಇಳಿಸಿ, ಅಪ್ಪ ಕೆತ್ತಿದ ಯೇಸು ಸ್ವಾಮಿಯನ್ನು ನಮ್ಮ ಕೊಠಡಿಗೆ ಕಳಿಸಿದರು. ನೀನು ಅದನ್ನು ನೋಡಿಯೇ ಇಲ್ಲ. ನೀನು ಮನೆ ಬಿಟ್ಟ ವರ್ಷ ಕೆತ್ತಿದ್ದು. ಶಿಲುಬೆಯ ಮೇಲಿನ ಯೇಸು ಅಲ್ಲ. ಇನ್ನೂ ಯಾರಿಗೂ ಬೋಧನೆ ಶುರು ಮಾಡದ, ಮರಗೆಲಸದ ಮೇಜಿನ ಪಕ್ಕ ತೋಳು ಮಡಚಿ ನಿಂತ ಯುವಕ. ನೀರು ಬಿದ್ದು ಬಣ್ಣ ಎದ್ದಿತ್ತು, ಪಾದದ ಹತ್ತಿರ ಹುಳು ಹಿಡಿದಿತ್ತು. ಅಪ್ಪನಿಗೆ ಈಗ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಕಣ್ಣಿನ ನರವೇ ಸೋತಿದೆಯಂತೆ, ಕನ್ನಡಕದಿಂದ ಆಗುವ ಕೆಲಸ ಅಲ್ಲ ಎಂದರು ಡಾಕ್ಟರು. ಹಾಗಾಗಿ ಎಲ್ಲಾ ಕೆಲಸ ನನ್ನದೇ.

ಪ್ರತಿಮೆಯ ಎಡಹುಬ್ಬಿನ ಮೇಲೆ ಒಂದು ಓರೆ ಗೆರೆ ಇತ್ತು. ಮುಳ್ಳಿನ ಕಿರೀಟದ ಗಾಯ ಎಂದೇ ಇಷ್ಟು ವರ್ಷ ಎಲ್ಲರೂ ಅಂದುಕೊಂಡಿದ್ದೆವು. ಹೋದ ವಾರ ನಮ್ಮ ಇಸವಿ ಮೇಷ್ಟ್ರು ಕೆಲಸ ನೋಡಲು ಬಂದರು. ನಿನಗೆ ಚರಿತ್ರೆಯ ಹುಚ್ಚು ಹಿಡಿಸಿದ ಪುಣ್ಯಾತ್ಮರು. ನಿವೃತ್ತರಾದರೂ ಇಸವಿ ಹೇಳದೆ ಅವರ ಬಾಯಿಂದ ವಾಕ್ಯ ಮುಗಿಯುವುದಿಲ್ಲ. ಅವರು ಪ್ರತಿಮೆಯ ಸುತ್ತ ಮೂರು ಸುತ್ತು ಬಂದು, ಇದು ತಪ್ಪಲ್ಲವೇ ಎಂದರು. ಮುಳ್ಳಿನ ಕಿರೀಟ ಇಟ್ಟದ್ದು ರೋಮನ್ ಸೈನಿಕರು, ಅದೂ ಕೊನೆಯ ದಿನ. ಮರ ಕೊಯ್ಯುತ್ತಿದ್ದ ಕಾಲದಲ್ಲೇ ಆ ಗಾಯ ಹೇಗೆ ಬಂತು? ಜೊತೆಗೆ ಇನ್ನೊಂದನ್ನೂ ಸೇರಿಸಿದರು: ನಾವು ಬಡಗಿ ಎನ್ನುವ ಆ ಹಳೇ ಗ್ರೀಕ್ ಪದಕ್ಕೆ ಮನೆ ಕಟ್ಟುವವನು ಎಂದೂ ಅರ್ಥ ಬರುತ್ತದಂತೆ. ಮೂಲೆಯಲ್ಲಿ ಕೂತಿದ್ದ ಅಪ್ಪ, ಗಾರೆ ಕೆಲಸವೋ ಮರಗೆಲಸವೋ, ಕೂಲಿ ಮಾಡಿ ಉಂಡವನು ತಾನೇ ಎಂದು ಗೊಣಗಿ, ಕಾಫಿ ಆರುತ್ತಿದೆ ಎಂದು ಎದ್ದು ಒಳಗೆ ಹೋದರು. ಗೆರೆಯ ಮಾತು ಅವರ ಕಿವಿಗೆ ಬೀಳಲಿಲ್ಲವೋ ಏನೋ. ಜೊತೆಗೆ ಬಂದಿದ್ದ ಚರ್ಚಿನ ಫಾದರ್ ಕೂಡ ಮೇಷ್ಟ್ರ ಮಾತಿಗೆ ತಲೆಯಾಡಿಸಿದರು. ನಾನು ಹತ್ತಿರದಿಂದ ನೋಡಿದೆ. ಗೆರೆಯ ತುದಿಯಲ್ಲಿ ಮರ ಒಣಗಿ ಕೂದಲೆಳೆಯಷ್ಟು ಸೀಳಿತ್ತು. ಇಡೀ ಗೆರೆ ಒಡಕೇ ಎಂದುಕೊಂಡೆ.

ಒಡಕು ತುಂಬುವುದು ಹೇಗೆ ಎಂದು ನಿನಗೂ ಗೊತ್ತು. ಹೊಟ್ಟು, ಅಂಟು ಕಲಸಿ ಮೆತ್ತಿದರೆ ವರ್ಷ ತಡೆಯುವುದಿಲ್ಲ. ಮೊದಲು ಅಂಚನ್ನು ಅಗಲ ಮಾಡಿ, ಅದೇ ಜಾತಿಯ ಮರದ ಚಕ್ಕೆ ಸೀಳಿ ಕೂರಿಸಬೇಕು. ಅಪ್ಪ ಕಲಿಸಿದ ಪಾಠ. ಶುಕ್ರವಾರ ಹಾಗೇ ಮಾಡಿದೆ. ಎಷ್ಟು ಚೆನ್ನಾಗಿ ಮಾಡಿದೆ ಎಂದರೆ, ಉಗುರು ಆಡಿಸಿದರೂ ಜೋಡಿಸಿದ ಜಾಗ ಸಿಗುವುದಿಲ್ಲ. ಶನಿವಾರ ಬೆಳಿಗ್ಗೆ ಹೆಮ್ಮೆಯಿಂದ ಅಪ್ಪನನ್ನು ಕೈಹಿಡಿದು ಕರೆತಂದು ಪ್ರತಿಮೆಯ ಮುಂದೆ ನಿಲ್ಲಿಸಿದೆ.

ಅವರು ಮೊದಲು ಪಾದ ಮುಟ್ಟಿದರು, ಆಮೇಲೆ ಮಡಚಿದ ತೋಳು, ಗಡ್ಡ, ಮೂಗು. ಹುಬ್ಬಿಗೆ ಬಂದ ಬೆರಳು ಅಲ್ಲೇ ನಿಂತಿತು. ಮತ್ತೆ ಮತ್ತೆ ತಡಕಿದರು. “ಇಲ್ಲಿ ಇದ್ದದ್ದು ಎಲ್ಲಿ ಹೋಯ್ತು?” ಎಂದು ಕೇಳಿದರು. ಒಡಕಿತ್ತು, ಚಕ್ಕೆ ಕೂರಿಸಿದೆ ಎಂದೆ. “ಅದು ಒಡಕಲ್ಲ, ನಾನೇ ಕೆತ್ತಿದ್ದು. ಅವನು ಕೇಳಿದ್ದಕ್ಕೆ ಉತ್ತರ ಅಲ್ಲೇ ಇಟ್ಟಿದ್ದೆ. ನೀನು ಮುಚ್ಚಿಬಿಟ್ಟೆ,” ಎಂದರು.

ನೀನು ಏನು ಕೇಳಿದ್ದೆ ಎಂದು ನೆನಪಿದೆಯಲ್ಲ? ಆ ದಿನ ಈ ಪ್ರತಿಮೆಗೆಂದು ಹೊಸ ಮರದ ದಿಮ್ಮಿ ಇಳಿದಿತ್ತು. ಯೇಸು ಎಂಬ ಮನುಷ್ಯ ಇದ್ದ, ರೋಮನ್ನರು ಕೊಂದರು, ಅಷ್ಟಕ್ಕೆ ಚರಿತ್ರೆಯಲ್ಲಿ ಸಾಕ್ಷಿ ಇದೆ. ಆದರೆ ಕರಿಯನೋ ಬಿಳಿಯನೋ ಕುಳ್ಳನೋ ಉದ್ದನೋ ಎಂದು ಸುವಾರ್ತೆ ಬರೆದವರೂ ಹೇಳಿಲ್ಲ. ಹಾಗಿದ್ದ ಮೇಲೆ ನೀನು ಕೆತ್ತುವುದು ಯಾರ ಮುಖ ಅಪ್ಪ ಎಂದು ನೀನು ಕೇಳಿದೆ. ಮುಟ್ಟಿ ನೋಡದೆ ನಂಬುವುದಿಲ್ಲ ಎಂದ ಆ ಶಿಷ್ಯನ ಹೆಸರು ಹಿಡಿದು, ಅಪ್ಪ ನಿನ್ನನ್ನು ತೋಮ ಎಂದು ರೇಗಿಸುತ್ತಿದ್ದರು. ಆ ದಿನ ರೇಗಿಸಲಿಲ್ಲ. ಮರ ಉಜ್ಜುವ ಕಬ್ಬಿಣದ ಅರ ಎಸೆದರು. ಅದು ಗೋಡೆಗೆ ಬಡಿದು ಚಿಮ್ಮಿ ನಿನ್ನ ಎಡಹುಬ್ಬಿಗೆ ತಗುಲಿತು. ನೀನು ರಕ್ತ ಒರೆಸಿಕೊಂಡು, ನಾಲ್ಕು ಪುಸ್ತಕ ಎತ್ತಿಕೊಂಡು ಹೊರಟೆ. ಹನ್ನೊಂದು ವರ್ಷವಾಯಿತು.

ಶನಿವಾರ ಅಪ್ಪ ಹಾಗೆಂದ ಮೇಲೆ ನಾನು ಆ ಮುಖವನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದೆ. ಮೂಗು ನಿನ್ನದು. ಮಾತಿಗೆ ಮುಂಚೆ ಒತ್ತಿಕೊಳ್ಳುವ ಕೆಳತುಟಿಯೂ ನಿನ್ನದೇ. ಒಂದು ಊರಿಗೆ ಊರೇ ಇಷ್ಟು ವರ್ಷ ನಿನ್ನ ಮುಂದೆ ಮೊಣಕಾಲೂರಿದೆ, ತಲೆಗೆ ಏರಿಸಿಕೊಳ್ಳಬೇಡ. ಇದು ಪಾಪವೋ ಏನೋ ಎಂದು ಹೆದರಿ ಫಾದರ್ ಹತ್ತಿರ ಓಡಿದೆ. ಅವರು ತುಸು ಯೋಚಿಸಿ, ದೇವರು ಮನುಷ್ಯನಾಗಿ ಬಂದ ಅಂತಲೇ ನಾವು ನಂಬುವುದು, ಹಾಗಾದರೆ ಯಾರಾದರೂ ಒಬ್ಬ ಮನುಷ್ಯನ ಹಾಗೆ ಕಾಣಲೇಬೇಕಲ್ಲಮ್ಮ ಎಂದರು. ಮೇಷ್ಟ್ರು ಮಾತ್ರ ಮುಖ ಸಪ್ಪಗೆ ಮಾಡಿಕೊಂಡರು. ಮರಗೆಲಸದವನ ಮುಖದಲ್ಲಿ ಗಾಯದ ಗುರುತು ಇರಲಿಲ್ಲ ಎನ್ನುವುದಕ್ಕೂ ದಾಖಲೆ ಇಲ್ಲ, ದುಡುಕಿದೆ ಎಂದು ಒಪ್ಪಿಕೊಂಡರು. ಕೆಟ್ಟ ಮೇಲೆ ಬುದ್ಧಿ ಬಂದು ಏನು ಪ್ರಯೋಜನ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ಹಿಡಿದವಳು ನಾನು.

ಈಗ ಅಪ್ಪ ಆ ಗೆರೆಯನ್ನು ತಾನೇ ಮತ್ತೆ ಕೆತ್ತುತ್ತೇನೆ ಎಂದು ಪಟ್ಟು ಹಿಡಿದಿದ್ದಾರೆ. ನನ್ನ ಕೈಗೆ ಉಳಿ ಕೊಡುವುದಿಲ್ಲ. ಆದರೆ ಹಳೆಯ ಅಂಚನ್ನು ನಾನು ಕೆತ್ತಿ ತೆಗೆದಿದ್ದೇನೆ, ಅಳತೆ ಉಳಿದಿಲ್ಲ. ಕೆಲಸಕ್ಕೆ ಮುಂಚೆ ತೆಗೆದ ಫೋಟೋದಲ್ಲಿ ಉದ್ದ ಸಿಗುತ್ತದೆ, ಆಳ ಸಿಗುವುದಿಲ್ಲ. ನಾಲ್ಕು ದಿನದಿಂದ ಮೂಲೆಯಲ್ಲಿ ಕೂತು ಒಂದೇ ಉಳಿಯನ್ನು ಮಸೆಯುತ್ತಿದ್ದಾರೆ. ನಿನ್ನೆ ಹೆಬ್ಬೆರಳು ಕೊಯ್ದುಕೊಂಡರು. ಆ ಗೆರೆ ಇಲ್ಲದೆ ಪ್ರತಿಮೆ ಈ ಬಾಗಿಲು ದಾಟಬಾರದು ಎಂದು ಫಾದರ್‌ಗೂ ಹೇಳಿ ಕಳಿಸಿದ್ದಾರೆ. ಇಪ್ಪತ್ತೈದನೇ ತಾರೀಖು ಭಾನುವಾರ ಅದನ್ನು ಚರ್ಚಿನಲ್ಲಿ ನಿಲ್ಲಿಸಬೇಕು. ಆದ್ದರಿಂದ ಒಂದು ಉಪಕಾರ ಮಾಡು. ತೆಳು ಕಾಗದವನ್ನು ನಿನ್ನ ಎಡಹುಬ್ಬಿನ ಗಾಯದ ಕಲೆಯ ಮೇಲೆ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿ, ಆ ಅಚ್ಚನ್ನು ಕೂಡಲೇ ಕಳಿಸು. ರಟ್ಟು ಕಟ್ಟುವವನಿಗೆ ಇದು ದೊಡ್ಡ ಕೆಲಸವಲ್ಲ. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ.

ಅತ್ತಿಗೆಗೆ ನನ್ನ ನೆನಪು, ಮಗುವಿನ ಕೆನ್ನೆಗೆ ಒಂದು ಮುತ್ತು. ಅಪ್ಪನ ಆಶೀರ್ವಾದ ನಿಮ್ಮ ಮೂವರ ಮೇಲೂ ಇದೆ. ಅವರನ್ನು ಕೇಳಿ ಬರೆದದ್ದಲ್ಲ, ನಾನೇ ತಿಳಿದು ಬರೆದದ್ದು.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಅಪ್ಪನಿಗೆ ಓದಿ ಹೇಳಿದೆ. ಗೋಡೆಯ ಮಾತು ಬಂದಾಗ ಕೈ ಎತ್ತಿ ನಿಲ್ಲಿಸಿದರು. “ಗೋಡೆಗೆ ಎಸೆದೆ ಅಂತ ಹೇಳ್ತಾ ಬಂದೆ. ಅವನಿಗೇ ಎಸೆದೆ. ಅದನ್ನ ಬರಿ,” ಎಂದರು. ಅಣ್ಣ, ಆ ದಿನ ನಾನು ಈ ಕೊಠಡಿಯಲ್ಲಿ ಇರಲೇ ಇಲ್ಲ, ಸದ್ದು ಕೇಳಿ ಆಮೇಲೆ ಓಡಿ ಬಂದವಳು. ನನಗೇ ಎಸೆದರು ಎಂದು ನೀನು ಹೇಳಿದಾಗ ನಂಬದೆ, ಇಲ್ಲ, ಗೋಡೆಗೆ ಎಸೆದದ್ದು ಎಂದು ಊರಿಗೆಲ್ಲ ಸಾಕ್ಷಿ ಹೇಳಿದೆ. ಇವತ್ತು ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಕಾಗದದ ಅಚ್ಚು ಕಳಿಸಬೇಡ, ಅಪ್ಪ ಬೇಡ ಅಂದರು. “ಆವತ್ತು ಕಣ್ಣಲ್ಲಿ ನೋಡಿದ್ದನ್ನ ಕೆತ್ತಿದ್ದೆ. ಮುಟ್ಟೋಕೆ ಧೈರ್ಯ ಇರಲಿಲ್ಲ. ಈಗ ಮುಟ್ಟದೆ ನನಗೆ ಗೊತ್ತಾಗಲ್ಲ, ಬಾ ಅಂತ ಹೇಳು,” ಎಂದು ಹೇಳಿ ಉಳಿ ಕೆಳಗಿಟ್ಟರು. ಬಾ ಅಣ್ಣ.